ಪತಂಗಕ್ಕೆ ಸುಳಿವು ಕೊಟ್ಟವರು ಯಾರು?

ಅಮೆರಿಕದ ಬಾಸ್ಟನ್ ನಗರದಿಂದ ಸುಮಾರು 30 ಕಿಲೋಮೀಟರ್ ಆಚೆ ಕಾಂಕರ್ಡ್ ಎಂಬ ಊರಿದೆ. ದೊಡ್ಡ ಮರಗಳ ನಡುವೆ ಮನೆಗಳು, ಮನೆಗಳ ಬೆನ್ನಿಗೆ ಹುಲ್ಲು ಬೆಳೆದ ಹಿತ್ತಿಲು. 1950ರ ದಶಕ ಮುಗಿಯುತ್ತಿದ್ದ ಬೇಸಿಗೆಗಳಲ್ಲಿ ಅಂಥ ಒಂದು ಹಿತ್ತಿಲಲ್ಲಿ ಕತ್ತಲಾದ ಮೇಲೆ ದೊಡ್ಡ ದೀಪ ಹೊತ್ತಿಕೊಳ್ಳುತ್ತಿತ್ತು. ದೀಪದ ಹಿಂದೆ, ಬೆಳಕು ತಾಗದ ಜಾಗದಲ್ಲಿ, ಮನೆಯ ಯಜಮಾನ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹೆಸರು ಕೆನೆತ್ ರೋಡರ್. ಹಗಲಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಕೀಟಗಳ ನರಮಂಡಲ ಕುರಿತು ಪಾಠ, ಸಂಶೋಧನೆ. ರಾತ್ರಿ ಈ ಕಾವಲು.

ಪತಂಗವೊಂದು ಬೆಳಕಿಗೆ ಬಂತು. ಬೂದು ಬಣ್ಣದ ಸಾಧಾರಣ ಪತಂಗ, ದೀಪ ಹಚ್ಚಿದ ಮನೆಗೆಲ್ಲ ಬರುವಂಥದು. ಹುಲ್ಲಿನಿಂದ ಎರಡಾಳೆತ್ತರದಲ್ಲಿ ನೇರವಾಗಿ ಹಾರುತ್ತಿತ್ತು. ಅದಕ್ಕೆ ಏನಾಯಿತೋ, ಇದ್ದಕ್ಕಿದ್ದಂತೆ ರೆಕ್ಕೆ ಮಡಚಿ ಕಲ್ಲು ಬಿದ್ದ ಹಾಗೆ ಹುಲ್ಲಿಗೆ ಬಿತ್ತು. ಅರೆಗಳಿಗೆಯಲ್ಲಿ ಅದೇ ಜಾಗದ ಮೂಲಕ ಬಾವಲಿಯೊಂದು ರೊಯ್ಯನೆ ಹಾದು, ಬರಿಬಾಯಲ್ಲಿ ಕತ್ತಲೆಗೆ ಮರಳಿತು. ಇನ್ನೊಂದು ಪತಂಗ ಬಂತು. ಅದು ಬೀಳಲಿಲ್ಲ, ಹುಚ್ಚು ಹಿಡಿದಂತೆ ಗಿರಗಿರ ಸುತ್ತಿ ಬೇಲಿಯ ಕಡೆ ಜಾರಿಕೊಂಡಿತು. ಮೂರನೆಯದಕ್ಕೆ ಯಾವ ಸುಳಿವೂ ಸಿಕ್ಕಿದಂತೆ ಕಾಣಲಿಲ್ಲ. ಹಾರುತ್ತ ಹಾರುತ್ತಲೇ ಅದು ಮಾಯವಾಯಿತು. ಕಿತ್ತುಬಿದ್ದ ರೆಕ್ಕೆಯ ಚೂರೊಂದು ದೀಪದ ಬೆಳಕಿನಲ್ಲಿ ತಿರುಗುತ್ತ ತಿರುಗುತ್ತ ಇಳಿದು ಬಂತು.

ಇಷ್ಟೆಲ್ಲ ನಡೆದಾಗ ಹಿತ್ತಿಲು ನಿಶ್ಶಬ್ದವಾಗಿತ್ತು. ರೋಡರ್ ಅವರ ಕಿವಿಗೆ ಏನೂ ಬಿದ್ದಿರಲಿಲ್ಲ. ಬಾವಲಿ ಬೆಳಕಿಗೆ ಬರುವ ಮೊದಲೇ ಪತಂಗ ಬಿದ್ದಿತ್ತು, ಹಾಗಾಗಿ ಕಣ್ಣಿನಿಂದ ಕಂಡು ತಪ್ಪಿಸಿಕೊಂಡಿತು ಅನ್ನುವುದಕ್ಕೂ ಆಗುತ್ತಿರಲಿಲ್ಲ. ಮತ್ತೆ ಅದಕ್ಕೆ ಸುಳಿವು ಕೊಟ್ಟವರು ಯಾರು?

ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಹಂತಕ್ಕೆ ಬರಬೇಕಾದರೆ ಅದರ ಹಿಂದಿನ ಪ್ರಶ್ನೆಯೊಂದು ಬಗೆಹರಿದಿರಬೇಕಿತ್ತು. ಕತ್ತಲಲ್ಲಿ ಬಾವಲಿಗೆ ದಾರಿ ತೋರಿಸುವುದು ಯಾವುದು ಎಂಬ ಪ್ರಶ್ನೆ ಅದು. ಆ ಒಂದಕ್ಕೇ ಮನುಷ್ಯರು ಸುಮಾರು 150 ವರ್ಷ ಒದ್ದಾಡಿದ್ದರು.

ಒದ್ದಾಟ ಶುರುವಾಗಿದ್ದು 1793ರಲ್ಲಿ, ಇಟಲಿಯ ಪವಿಯಾ ಎಂಬ ಊರಿನಲ್ಲಿ. ಲಜ್ಜಾರೊ ಸ್ಪಲ್ಲಾಂಜಾನಿ ಕ್ರೈಸ್ತ ಪಾದ್ರಿ, ಜೊತೆಗೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಅರವತ್ತು ದಾಟಿದ್ದ ಅವರಿಗೆ ಗೂಬೆ ಸಾಕುವ ಹವ್ಯಾಸ. ಒಂದು ರಾತ್ರಿ ಕೋಣೆಯ ಮೇಣದ ಬತ್ತಿ ಆರಿದಾಗ ಗೂಬೆ ದಿಕ್ಕುತಪ್ಪಿ ಗೋಡೆಗೆ ಬಡಿಯಿತು. ಗೂಬೆಯಂಥ ಗೂಬೆಗೂ ಒಂದಿಷ್ಟು ಬೆಳಕು ಬೇಕು ಎಂದು ಅವರಿಗೆ ಗೊತ್ತಾಗಿದ್ದು ಆಗ. ಹಾಗಾದರೆ ಬಾವಲಿಗೆ? ಅದೇ ಕತ್ತಲೆಯ ಕೋಣೆಯಲ್ಲಿ ಬಾವಲಿ ಬಿಟ್ಟರು. ಅದು ಯಾವುದಕ್ಕೂ ತಾಗದೆ ಹಾಯಾಗಿ ಹಾರಿತು. ಸೂರಿನಿಂದ ದಾರಗಳನ್ನು ಇಳಿಬಿಟ್ಟರೂ ನಡುವೆ ನುಸುಳಿಕೊಂಡು ಹೋಯಿತು.

ಇಂದು ಓದಿದರೆ ಮನಸ್ಸಿಗೆ ಹಿಂಸೆಯಾಗುವ ಕೆಲಸವೊಂದನ್ನು ಅವರು ಆಮೇಲೆ ಮಾಡಿದರು. ಬಾವಲಿಗಳ ಕಣ್ಣು ತೆಗೆದರು. ಕುರುಡಾದ ಬಾವಲಿಗಳೂ ಮೊದಲಿನಂತೆಯೇ ಹಾರಿದವು. ಪವಿಯಾದ ದೊಡ್ಡ ಚರ್ಚಿನ ಗಂಟೆಗೋಪುರದಿಂದ ಹಿಡಿದ ಬಾವಲಿಗಳನ್ನು ಹೀಗೆಯೇ ಕುರುಡು ಮಾಡಿ ಹೊರಗೆ ಬಿಟ್ಟರು. ಕೆಲವು ದಿನ ಕಳೆದು ನಸುಕಿನಲ್ಲಿ ಗೋಪುರ ಹತ್ತಿದಾಗ ಆ ಗುಂಪಿನವು ಒಂದಷ್ಟು ಕೈಗೆ ಸಿಕ್ಕವು. ಹೊಟ್ಟೆ ಸೀಳಿ ನೋಡಿದರೆ, ಕಣ್ಣಿರುವ ಬಾವಲಿಗಳ ಹೊಟ್ಟೆಯಷ್ಟೇ ತುಂಬಿಕೊಂಡಿದ್ದ ಕೀಟಗಳು! ಕಣ್ಣಿಲ್ಲದೆ ಮನೆಗೆ ಬಂದಿದ್ದವು, ಕಣ್ಣಿಲ್ಲದೆ ಬೇಟೆಯನ್ನೂ ಆಡಿದ್ದವು.

ಸ್ಪಲ್ಲಾಂಜಾನಿ ತಮಗೆ ಗೊತ್ತಿದ್ದ ವಿದ್ವಾಂಸರಿಗೆಲ್ಲ ಪತ್ರ ಬರೆದರು. ಸುದ್ದಿ ತಿಳಿದ ಜಿನೀವಾದ ಶಸ್ತ್ರವೈದ್ಯ ಲೂಯಿ ಜುರಿನ್ 1794ರಲ್ಲಿ ಬೇರೊಂದು ದಾರಿ ಹಿಡಿದರು. ಬಾವಲಿಯ ಕಣ್ಣು ಬಿಟ್ಟು ಕಿವಿಗೆ ಮೇಣ ತುಂಬಿದರು. ಬಾವಲಿ ಕಂಡಕಂಡದ್ದಕ್ಕೆಲ್ಲ ಡಿಕ್ಕಿ ಹೊಡೆಯಿತು. ಸ್ಪಲ್ಲಾಂಜಾನಿ ಮೊದಲು ನಂಬಲಿಲ್ಲ. ತಾವೂ ಮಾಡಿ ನೋಡಿದರು. ಬಾವಲಿಯ ಕಿವಿಗೆ ಕೂರುವಷ್ಟು ಚಿಕ್ಕ ಹಿತ್ತಾಳೆ ಕೊಳವೆಗಳನ್ನು ಮಾಡಿಸಿ ತೂರಿಸಿದರು. ಕೊಳವೆಯ ಬಾಯಿ ತೆರೆದಿದ್ದಾಗ ಬಾವಲಿ ಸಲೀಸಾಗಿ ಹಾರಿತು, ಮುಚ್ಚಿದಾಗ ಮುಗ್ಗರಿಸಿತು. ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಬಾವಲಿಗೆ ಕಿವಿಯೇ ಕಣ್ಣು.

ಆದರೆ ಅದು ಕೇಳುವುದಾದರೂ ಏನನ್ನು? ಹಾರುವ ಬಾವಲಿ ಸದ್ದೇ ಮಾಡುತ್ತಿರಲಿಲ್ಲವಲ್ಲ! ಸ್ಪಲ್ಲಾಂಜಾನಿ ಉತ್ತರ ಕಾಣದೆಯೇ 1799ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಪ್ಯಾರಿಸ್ಸಿನ ಹೆಸರಾಂತ ವಿಜ್ಞಾನಿ ಜಾರ್ಜ್ ಕುವಿಯೆ, ಒಂದೂ ಪ್ರಯೋಗ ಮಾಡದೆ, ಬಾವಲಿಯ ರೆಕ್ಕೆಯ ಚರ್ಮಕ್ಕೆ ವಿಶೇಷ ಸ್ಪರ್ಶಜ್ಞಾನವಿದೆ ಎಂದು ತೀರ್ಪು ಕೊಟ್ಟಿದ್ದರು. ಹೇಳಿದವರು ದೊಡ್ಡವರು. ಲೋಕ ಒಪ್ಪಿಕೊಂಡಿತು. ಹಿತ್ತಾಳೆ ಕೊಳವೆಗಳ ಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಧೂಳು ಬಿತ್ತು.

1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗಕ್ಕೆ ಡೊನಾಲ್ಡ್ ಗ್ರಿಫಿನ್ ಎಂಬ ವಿದ್ಯಾರ್ಥಿ ಬಾವಲಿಗಳ ಪಂಜರ ಹಿಡಿದು ಬಂದ. ಬಾವಲಿಗಳ ಕಾಲಿಗೆ ಗುರುತಿನ ಪಟ್ಟಿ ಕಟ್ಟಿ ಅವು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂದು ನೋಡುವುದು ಅವನಿಗೆ ಬಾಲ್ಯದಿಂದ ಅಂಟಿದ ಗೀಳು. ಅಲ್ಲಿ ಜಾರ್ಜ್ ವಾಷಿಂಗ್ಟನ್ ಪಿಯರ್ಸ್ ಎಂಬ ಹಿರಿಯ ಪ್ರಾಧ್ಯಾಪಕರು ಕೀಟಗಳ ಹಾಡು ಕೇಳಲೆಂದು ಯಂತ್ರವೊಂದನ್ನು ಕಟ್ಟಿದ್ದರು. ಮನುಷ್ಯರ ಕಿವಿ ಸೆಕೆಂಡಿಗೆ 20,000 ಕಂಪನದ ಆಚೆಗಿನ ಸದ್ದನ್ನು ಕೇಳಲಾರದು. ಈ ಯಂತ್ರ ಅಂಥ ಶ್ರವಣಾತೀತ ಸದ್ದನ್ನು ನಮಗೆ ಕೇಳುವ ಸದ್ದಾಗಿ ಇಳಿಸಿಕೊಡುತ್ತಿತ್ತು. ಪಂಜರವನ್ನು ಅದರ ಮುಂದಿಟ್ಟಿದ್ದೇ ತಡ, ಯಂತ್ರ ಗರಗರ ಗಲಾಟೆ ಶುರುಮಾಡಿತು. ಸುಮ್ಮನಿದ್ದಂತೆ ಕಂಡ ಬಾವಲಿಗಳು ಬಾಯಿ ತುಂಬ ಕೂಗುತ್ತಿದ್ದವು.

ಗೆದ್ದೇಬಿಟ್ಟೆವು ಅನ್ನುವಷ್ಟರಲ್ಲಿ ಕೆಲಸ ಕೆಟ್ಟಿತು. ಬಾವಲಿಗಳನ್ನು ಕೋಣೆಯಲ್ಲಿ ಹಾರಬಿಟ್ಟಾಗ ಯಂತ್ರ ಬಹುತೇಕ ಮೌನವಾಯಿತು. ಹಾರುವಾಗ ಕೂಗದ ಪ್ರಾಣಿ ಕೂಗಿನಿಂದ ದಾರಿ ಹುಡುಕುವುದು ಹೇಗೆ? ಈ ಕೂಗು ಬಹುಶಃ ತಮ್ಮತಮ್ಮಲ್ಲಿ ಕರೆಯುವುದಕ್ಕೆ ಇರಬಹುದು ಎಂದು ಇಬ್ಬರೂ ಎಚ್ಚರಿಕೆಯ ಮಾತು ಬರೆದು ಮುಗಿಸಿದರು. ತಪ್ಪು ಬಾವಲಿಯದಾಗಿರಲಿಲ್ಲ. ಯಂತ್ರದ ಮೈಕು ತನ್ನ ನೇರಕ್ಕೆ ಬಂದ ಸದ್ದನ್ನಷ್ಟೇ ಹಿಡಿಯುವಂಥದು, ಬಾವಲಿಯ ಕೂಗೂ ತಾನು ಹೋಗುವ ನೇರಕ್ಕೇ ಹೋಗುವಂಥದು. ಎರಡೂ ಎದುರಾಬದುರು ಆಗುತ್ತಿದ್ದುದೇ ಅಪರೂಪ.

ಗ್ರಿಫಿನ್ ಬಿಡಲಿಲ್ಲ. ನರವಿಜ್ಞಾನ ಕಲಿಯುತ್ತಿದ್ದ ರಾಬರ್ಟ್ ಗಲಾಂಬೋಸ್ ಎಂಬ ಗೆಳೆಯ ಜೊತೆಯಾದ. ಕೋಣೆಗೆ ಅಡ್ಡಲಾಗಿ ತಂತಿಗಳನ್ನು ಇಳಿಬಿಟ್ಟು, ಬಾವಲಿ ಎಷ್ಟು ಸಲ ತಂತಿಗೆ ತಾಗಿತು ಎಂದು ಎಣಿಸುತ್ತ ಕೂತರು. ಕಿವಿ ಮುಚ್ಚಿದರೆ ತಾಗುತ್ತಿತ್ತು. ಅದು ಜುರಿನ್ ಕಾಲದಿಂದ ಗೊತ್ತಿದ್ದ ಮಾತು. ಇವರು ಬಾವಲಿಯ ಬಾಯಿಯನ್ನೂ ಕಟ್ಟಿದರು. ಬಾಯಿ ಕಟ್ಟಿದ ಬಾವಲಿ, ಕಿವಿ ಮುಚ್ಚಿದ ಬಾವಲಿಯಂತೆಯೇ ತಂತಿಗೆ ಬಡಿಯಿತು! ಮೈಕನ್ನು ಸರಿಯಾದ ದಿಕ್ಕಿಗೆ ಹಿಡಿದಾಗ ಹಾರುವ ಬಾವಲಿಗಳ ಕೂಗೂ ಸಿಕ್ಕಿತು. ಬಾವಲಿ ಕೂಗುತ್ತದೆ, ಎದುರಿನ ವಸ್ತುವಿಗೆ ತಾಗಿ ಮರಳಿದ ಮಾರ್ದನಿ ಕೇಳುತ್ತದೆ, ಅದರಿಂದ ದಾರಿ ಅರಿಯುತ್ತದೆ. 1941ರಲ್ಲಿ ಫಲಿತಾಂಶ ಅಚ್ಚಾಯಿತು. ವಿಜ್ಞಾನಿಗಳ ಸಭೆಯಲ್ಲಿ ಗಲಾಂಬೋಸ್ ಇದನ್ನು ಹೇಳಿದಾಗ ಹಿರಿಯರೊಬ್ಬರು ಅವನ ಭುಜ ಹಿಡಿದು ಅಲುಗಾಡಿಸಿದರಂತೆ. ರೇಡಾರು, ಸೋನಾರುಗಳೆಲ್ಲ ಇನ್ನೂ ಸೈನ್ಯದ ಗುಟ್ಟಾಗಿದ್ದ ಕಾಲ. ಹಿಡಿಗಾತ್ರದ ಪ್ರಾಣಿ ಅಂಥದ್ದನ್ನು ಗಂಟಲಲ್ಲಿ ಇಟ್ಟುಕೊಂಡಿದೆ ಎಂದರೆ ಯಾರು ನಂಬಿಯಾರು?

ಅಷ್ಟಾದರೂ ಬಾವಲಿ ಹಾರುವ ಹುಳುವನ್ನೂ ಹೀಗೆಯೇ ಹಿಡಿಯುತ್ತದೆ ಎಂದು ಸ್ವತಃ ಗ್ರಿಫಿನ್ ನಂಬಿರಲಿಲ್ಲ. ಗೋಡೆಯಿಂದ ಮಾರ್ದನಿ ಬಂದೀತು, ಸೊಳ್ಳೆಯಂಥ ಹುಳುವಿನಿಂದ ಬಂದೀತೆ? 1951ರಲ್ಲಿ ಅವರು ಸಲಕರಣೆಗಳನ್ನೆಲ್ಲ ವಾಹನಕ್ಕೆ ಹೇರಿಕೊಂಡು ಇಥಾಕಾ ಊರಿನ ಹತ್ತಿರದ ಕೊಳದ ದಡಕ್ಕೆ ಹೋದರು. ನೀರಿನ ಮೇಲೆ ಬಾವಲಿ ಸುಮ್ಮನೆ ಸುತ್ತುವಾಗ ಯಂತ್ರ ಟಕ್, ಟಕ್, ಟಕ್ ಎನ್ನುತ್ತಿತ್ತು. ಹುಳು ಸಿಕ್ಕಿತೋ, ಟಕ್ಕುಗಳ ನಡುವಿನ ಬಿಡುವು ಕಿರಿದಾಗುತ್ತ ಹೋಗಿ, ಕೊನೆಗೆ ಸೆಕೆಂಡಿಗೆ ನೂರು, ನೂರಾಐವತ್ತು ಕೂಗುಗಳು ಒಂದಕ್ಕೊಂದು ಅಂಟಿಕೊಂಡು ದುಂಬಿಯ ಝೇಂಕಾರದಂತೆ ಕೇಳುತ್ತಿತ್ತು. ಆ ಝೇಂಕಾರ ನಿಂತಿತೆಂದರೆ ಹುಳು ಬಾಯಿಗೆ ಬಿತ್ತು ಅಥವಾ ತಪ್ಪಿಸಿಕೊಂಡಿತು ಎಂದು ಅರ್ಥ.

ಅಂದರೆ ಕಾಂಕರ್ಡ್‌ನ ಆ ಹಿತ್ತಿಲು ನಿಶ್ಶಬ್ದವಾಗಿರಲೇ ಇಲ್ಲ. ಅಲ್ಲಿ ರಾತ್ರಿಯಿಡೀ ಕಿರುಚಾಟ. ಮನುಷ್ಯರಿಗೆ ಮಾತ್ರ ಅದು ಕೇಳುತ್ತಿರಲಿಲ್ಲ. ಪತಂಗಕ್ಕೆ?

ಪತಂಗಕ್ಕೆ ಕಿವಿ ಇದೆ ಎಂಬುದು ಅಂಗರಚನೆ ಬಲ್ಲವರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಅದು ತಲೆಯ ಮೇಲಿಲ್ಲ. ಹಿಂದಿನ ರೆಕ್ಕೆಯ ಬುಡದಲ್ಲಿ, ಎದೆ ಮುಗಿದು ಹೊಟ್ಟೆ ಶುರುವಾಗುವ ಕಡೆ, ಎಡಕ್ಕೊಂದು ಬಲಕ್ಕೊಂದು ಪುಟ್ಟ ಕುಳಿ. ಕುಳಿಯೊಳಗೆ ಸೋಪಿನ ಗುಳ್ಳೆಯಷ್ಟು ತೆಳ್ಳಗೆ ಹೊಳೆಯುವ ಪೊರೆ. ಜರ್ಮನಿಯ ಫ್ರಿಟ್ಜ್ ಎಗ್ಗರ್ಸ್ 1919ರಲ್ಲೇ ಅದರ ರಚನೆಯನ್ನು ಬಿಡಿಸಿ ತೋರಿಸಿದ್ದರು. 1950ರಲ್ಲಿ ಜರ್ಮನಿಯವರೇ ಆದ ಶಾಲರ್ ಮತ್ತು ಟಿಮ್, ಕಿವಿಯಿರುವ ಪತಂಗಗಳು ಶ್ರವಣಾತೀತ ಸದ್ದಿಗೆ ಬೆಚ್ಚುತ್ತವೆ ಎಂದು ಕಂಡುಕೊಂಡರು. ಪತಂಗ ಹಿಡಿಯುವ ಹವ್ಯಾಸಿಗಳಿಗಂತೂ ಇದು ಕಣ್ಣಾರೆ ಕಂಡ ಸಂಗತಿ. ಒದ್ದೆ ಬಿರಡೆಯನ್ನು ಗಾಜಿಗೆ ಉಜ್ಜಿ ಕಿರ್ರೆನ್ನಿಸಿದರೆ, ಬೀಗದ ಕೈ ಗೊಂಚಲನ್ನು ಝಣಝಣ ಕುಲುಕಿದರೆ, ದೀಪದ ಸುತ್ತ ಹಾರುತ್ತಿದ್ದ ಪತಂಗಗಳು ಪಟಪಟ ನೆಲಕ್ಕುದುರುತ್ತಿದ್ದವು. ಆ ಸದ್ದುಗಳಲ್ಲಿ ನಮಗೆ ಕೇಳದ ಪಾಲೂ ಬೇಕಾದಷ್ಟಿರುತ್ತದೆ.

ಆದರೆ ಬೆಚ್ಚುವುದು ಬೇರೆ, ಬೆಚ್ಚುವ ಪ್ರಾಣಿಯೊಳಗೆ ಏನು ನಡೆಯುತ್ತದೆ ಎಂದು ತಿಳಿಯುವುದು ಬೇರೆ. ಅದಕ್ಕೆ ಎರಡು ಬಗೆಯ ಕೈ ಬೇಕಿತ್ತು. ಒಂದು ಕೈ ನ್ಯೂಯಾರ್ಕಿನ ಸಿಟಿ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಆಶರ್ ಟ್ರೀಟ್ ಅವರದು. ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಬರ್ಕ್‌ಷೈರ್ ಗುಡ್ಡಗಳ ನಡುವಿನ ಟೈರಿಂಗಮ್ ಎಂಬ ಹಳ್ಳಿಯಲ್ಲಿ ಅವರು ಬೇಸಿಗೆ ಕಳೆಯುತ್ತಿದ್ದರು. ಪತಂಗ ಹಿಡಿಯುವುದು, ಗುರುತಿಸುವುದು, ಸೂಕ್ಷ್ಮದರ್ಶಕದ ಕೆಳಗೆ ತಾಸುಗಟ್ಟಲೆ ನೋಡುವುದು ಅವರ ಪ್ರಾಣ. ಇನ್ನೊಂದು ಕೈ ರೋಡರ್ ಅವರದು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕ ಸೇರಿದ್ದ ಅವರು, ತಲೆ ಕಳೆದುಕೊಂಡ ಗಂಡು ಸೂರ್ಯನ ಕುದುರೆ ಕೀಟವೂ ಹೆಣ್ಣನ್ನು ಕೂಡಬಲ್ಲದು ಎಂದು 1930ರ ದಶಕದಲ್ಲೇ ತೋರಿಸಿ ಹೆಸರು ಮಾಡಿದ್ದರು. ಆಮೇಲೆ ಜಿರಳೆಯ ಬೆನ್ನು ಹತ್ತಿದರು. ಪೊರಕೆ ತಾಗುವ ಮುಂಚೆಯೇ ಜಿರಳೆ ಓಡುವುದು ಹೇಗೆ ಎಂದು ಹುಡುಕಿ, ಅದರ ಬಾಲದ ತುದಿಯ ಕೂದಲಿಗೆ ತಾಗುವ ಗಾಳಿ ನರದಲ್ಲಿ ಮಿಂಚಿನಂತೆ ಓಡುವುದನ್ನು ಅಳೆದಿದ್ದರು. ಕೂದಲೆಳೆಯಂಥ ನರವನ್ನು ಹರಿಯದಂತೆ ಎತ್ತುವ ಕಸುಬು ಅವರ ಬೆರಳಲ್ಲಿತ್ತು. ಪತಂಗ ಟ್ರೀಟ್‌ಗೆ ಗೊತ್ತು, ನರ ರೋಡರ್‌ಗೆ ಗೊತ್ತು. 1950ರ ದಶಕದ ನಡುವೆ ಇಬ್ಬರೂ ಒಟ್ಟಾದರು.

ಪತಂಗವನ್ನು ಅಲುಗದಂತೆ ಕೂರಿಸಿ, ಎದೆಗೂಡನ್ನು ಬಿಡಿಸಿ, ಕಿವಿಯಿಂದ ಹೊರಟ ನರವನ್ನು ಹುಡುಕಬೇಕು. ಕೊಕ್ಕೆಯಂತೆ ಬಾಗಿಸಿದ ಬೆಳ್ಳಿ ತಂತಿಯ ತುದಿಯಲ್ಲಿ ಅದನ್ನು ಎತ್ತಿ ಹಿಡಿಯಬೇಕು. ಕೈ ಚೂರು ನಡುಗಿದರೆ ನರ ಹರಿಯುತ್ತದೆ, ತಡವಾದರೆ ಒಣಗುತ್ತದೆ. ಇಷ್ಟು ದಾಟಿದರೆ ನರದಲ್ಲಿ ಓಡುವ ವಿದ್ಯುತ್ ಮಿಡಿತ ಆಂಪ್ಲಿಫಯರಿನಲ್ಲಿ ಹಿಗ್ಗಿ, ಆಸಿಲೊಸ್ಕೋಪಿನ ಪರದೆಯ ಮೇಲೆ ಹಸಿರು ಮೊಳೆಯಂತೆ ಎದ್ದು ನಿಲ್ಲುತ್ತದೆ, ಸ್ಪೀಕರಿನಲ್ಲಿ ಚಿಟ್ ಎಂದು ಕೇಳುತ್ತದೆ. ಅವರು ಪತಂಗದ ಕಿವಿಯನ್ನು ಮೈಕನ್ನಾಗಿ ಮಾಡಿಕೊಂಡು ಅದರ ಮೂಲಕ ಲೋಕವನ್ನು ಕೇಳಲು ಕೂತಿದ್ದರು.

ಮೊದಲು ಕೇಳಿಸಿದ್ದು ಗಡಿಯಾರದಂಥ ಒಂದು ದೊಡ್ಡ ಮಿಡಿತ. ಸದ್ದು ಮಾಡಲಿ ಬಿಡಲಿ ಅದು ತನ್ನ ಪಾಡಿಗೆ ಬರುತ್ತಲೇ ಇತ್ತು. ಕಿವಿಯ ಬಳಿಯೇ ಇದ್ದ, ಕೇಳುವ ಕೆಲಸಕ್ಕೆ ಸೇರದ ಕೋಶವೊಂದರ ಮಿಡಿತ ಅದು. ಅದನ್ನು ಬದಿಗಿಟ್ಟು ಕಿವಿಗೊಟ್ಟಾಗ ಎರಡು ಸಣ್ಣ ಮಿಡಿತಗಳು ಬೇರೆಬೇರೆಯಾಗಿ ಸಿಕ್ಕವು. ಒಂದು ತೀರ ನವಿರಾದ ಶ್ರವಣಾತೀತ ಸದ್ದಿಗೂ ಓಗೊಡುತ್ತಿತ್ತು. ಇನ್ನೊಂದು ಸದ್ದು ಜೋರಾದಾಗ ಮಾತ್ರ ಎಚ್ಚರಗೊಳ್ಳುತ್ತಿತ್ತು. ಮೊದಲನೆಯದಕ್ಕೆ ಎ1, ಎರಡನೆಯದಕ್ಕೆ ಎ2 ಎಂದು ಹೆಸರಿಟ್ಟರು. ಮೂರನೆಯದಕ್ಕಾಗಿ, ನಾಲ್ಕನೆಯದಕ್ಕಾಗಿ ಕಾದರು. ಬರಲಿಲ್ಲ. ಅಷ್ಟೇ ಇದ್ದದ್ದು. ಮನುಷ್ಯರ ಒಂದು ಕಿವಿಯಲ್ಲಿ ಸದ್ದು ಹಿಡಿಯುವ ಕೋಶಗಳು ಸುಮಾರು 15,000. ಪತಂಗದ ಒಂದು ಕಿವಿಯಲ್ಲಿ ಎರಡೇ ಎರಡು! ಅವಕ್ಕೆ ಸ್ವರ ತಿಳಿಯದು. ಕೀರಲು ಯಾವುದು, ಇನ್ನೂ ಕೀರಲು ಯಾವುದು ಎಂಬ ವ್ಯತ್ಯಾಸ ಗೊತ್ತಾಗದು. ಸದ್ದು ಇದೆಯೇ, ಎಷ್ಟು ಜೋರಿದೆ, ಬಿಟ್ಟುಬಿಟ್ಟು ಬರುತ್ತಿದೆಯೇ, ಇಷ್ಟೇ ಅವುಗಳ ವಿದ್ಯೆ. 1957ರಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದರು.

ಪ್ರಯೋಗಾಲಯದ ಯಂತ್ರದ ಸದ್ದು ಹೇಗೂ ಯಂತ್ರದ ಸದ್ದೇ. ಕಾಡಿನ ಬಾವಲಿ, ತನ್ನಿಷ್ಟಕ್ಕೆ ಬೇಟೆಯಾಡುತ್ತಿರುವ ಬಾವಲಿ, ಪತಂಗದ ಕಿವಿಗೆ ಹೇಗೆ ಕೇಳುತ್ತದೆ? ರೋಡರ್ ಭಾರದ ಪೆಟ್ಟಿಗೆಗಳನ್ನೆಲ್ಲ ಕಟ್ಟಿ ಬರ್ಕ್‌ಷೈರ್ ಗುಡ್ಡದ ಇಳಿಜಾರಿಗೆ ಸಾಗಿಸಿದರು. ಬಯಲಿನಲ್ಲಿ ತಂತಿಗಳು ಹರಡಿಕೊಂಡವು. ಬೆಳ್ಳಿ ಕೊಕ್ಕೆಯ ಮೇಲೆ ಪತಂಗದ ನರ ಏರಿತು. ಸೂರ್ಯ ಮುಳುಗಿದ.

ಸ್ಪೀಕರಿನಲ್ಲಿ ಚಿಟ್ ಎಂದಿತು. ಸ್ವಲ್ಪ ಬಿಟ್ಟು ಮತ್ತೊಂದು ಚಿಟ್. ಇಬ್ಬರೂ ತಲೆಯೆತ್ತಿದರು. ಆಕಾಶದಲ್ಲಿ ಏನೂ ಇರಲಿಲ್ಲ. ಚಿಟ್ ಎರಡಾಯಿತು, ಮೂರಾಯಿತು, ಒಂದೊಂದು ಕೂಗಿಗೂ ಮಿಡಿತಗಳ ಗೊಂಚಲೇ ಬರತೊಡಗಿತು. ಆಗ ಮುಸ್ಸಂಜೆಯ ಮಸುಕಿನಿಂದ ಬಾವಲಿಯ ಆಕಾರ ಮೂಡಿ ತಲೆಯ ಮೇಲೆ ಹಾದುಹೋಯಿತು. ಕತ್ತಲು ಕವಿದ ಮೇಲೂ ಇದೇ ನಡೆಯಿತು. ಕಣ್ಣಿಗೆ ಕಾಣದ ಬಾವಲಿಗಳು ಬರುವುದು, ಹತ್ತಿರವಾಗುವುದು, ಬೇಟೆಯ ಮೇಲೆರಗುವಾಗ ಝೇಂಕರಿಸುವುದು, ದೂರವಾಗುವುದು, ಎಲ್ಲವನ್ನೂ ಪತಂಗದ ಎರಡು ಕೋಶಗಳು ವರದಿ ಮಾಡುತ್ತ ಹೋದವು. ಲೆಕ್ಕ ಹಾಕಿದಾಗ, ಪತಂಗದ ಕಿವಿಗೆ ಬಾವಲಿ 30 ಮೀಟರಿಗೂ ಆಚೆಯಿಂದಲೇ ಕೇಳುತ್ತಿತ್ತು. ಬಾವಲಿಗೆ ಪತಂಗ ಗೊತ್ತಾಗುವುದು ಕೆಲವೇ ಮೀಟರ್ ಹತ್ತಿರ ಬಂದಾಗ. ಕೂಗು ಪತಂಗಕ್ಕೆ ತಾಗಿ, ಚೂರುಪಾರು ಮಾರ್ದನಿಯಾಗಿ, ಬಂದ ದಾರಿಯನ್ನೇ ಮರಳಿ ತುಳಿದು ಬಾವಲಿಯ ಕಿವಿ ಸೇರಬೇಕಲ್ಲ. ಪತಂಗಕ್ಕೆ ಕೂಗಿನ ಒಮ್ಮುಖ ಪಯಣ ಸಾಕು.

ಕೇಳುತ್ತದೆ ಎಂದು ಖಾತ್ರಿಯಾಯಿತು. ಕೇಳಿದ ಮೇಲೆ ಏನು ಮಾಡುತ್ತದೆ? ಅದಕ್ಕೆ ಕೊಕ್ಕೆಗೆ ಸಿಕ್ಕಿಸಿದ ಪತಂಗದಿಂದ ಉತ್ತರ ಬಾರದು. ಹಾರುವ ಪತಂಗವೇ ಬೇಕು. ಆದ್ದರಿಂದಲೇ ಆ ಹಿತ್ತಿಲು, ಆ ದೀಪ, ಆ ಕುರ್ಚಿ.

ಬಾವಲಿಯನ್ನು ನೆಚ್ಚಿ ಕೂತರೆ ಕೆಲಸ ಸಾಗದು ಎಂದು ರೋಡರ್‌ಗೆ ಬೇಗ ತಿಳಿಯಿತು. ಬಾವಲಿ ಬರುವ ಹೊತ್ತಿಗೆ ಪತಂಗ ಇರದು, ಪತಂಗ ಇರುವಾಗ ಬಾವಲಿ ಬಾರದು. ಕಂಬವೊಂದನ್ನು ನೆಟ್ಟು, ಅದಕ್ಕೆ ಬಾವಲಿಯಂತೆ ಕೂಗುವ ಸ್ಪೀಕರು ಕಟ್ಟಿದರು. ಕ್ಯಾಮೆರಾದ ಕಣ್ಣು ತೆರೆದಿಟ್ಟರು. ಪತಂಗ ಬೆಳಕಿಗೆ ಬಂದಾಗ ಗುಂಡಿ ಒತ್ತುವುದು, ಅದು ಹಾರಿದ ದಾರಿ ಫಿಲ್ಮಿನ ಮೇಲೆ ಬಿಳಿ ಗೆರೆಯಾಗಿ ಮೂಡುವುದು. ರಾತ್ರಿಯ ಮೇಲೆ ರಾತ್ರಿ, ಬೇಸಿಗೆಯ ಮೇಲೆ ಬೇಸಿಗೆ ಇದೇ ಕೆಲಸ. ಗೆರೆಗಳನ್ನು ನೋಡನೋಡುತ್ತ ಎರಡು ಬಗೆ ಕಾಣತೊಡಗಿದವು. ಸ್ಪೀಕರಿನಿಂದ ದೂರವಿದ್ದ ಪತಂಗ, ಮೆಲು ಸದ್ದು ಕೇಳಿದ್ದು, ಅಚ್ಚುಕಟ್ಟಾಗಿ ತಿರುಗಿ ಸದ್ದಿಗೆ ಬೆನ್ನು ಹಾಕಿ ಹೊರಟುಹೋಗುತ್ತಿತ್ತು. ಹತ್ತಿರವಿದ್ದ ಪತಂಗದ ಗೆರೆಗೆ ಮಾತ್ರ ತಲೆಬುಡ ಇರುತ್ತಿರಲಿಲ್ಲ. ಒಂದು ಸುರುಳಿ ಸುತ್ತಿತು, ಒಂದು ಧುಮುಕಿತು, ಒಂದು ರೆಕ್ಕೆ ಮುಚ್ಚಿ ಬಿತ್ತು. ಒಂದರಂತೆ ಇನ್ನೊಂದಿಲ್ಲ.

ನಿಜವಾದ ಬಾವಲಿಗಳ ಲೆಕ್ಕವನ್ನೂ ಇಬ್ಬರೂ ಬಿಡಲಿಲ್ಲ. ದೀಪದ ಬೆಳಕಿನಲ್ಲಿ ಕಣ್ಣಾರೆ ಕಂಡ 402 ಮುಖಾಮುಖಿಗಳನ್ನು ಒಂದೊಂದಾಗಿ ಬರೆದಿಟ್ಟರು. ಪತಂಗ ಹೊರಳಿತೋ ಇಲ್ಲವೋ, ಉಳಿಯಿತೋ ಇಲ್ಲವೋ. ಕೂಡಿ ಕಳೆದು ನೋಡಿದಾಗ, ಹೊರಳಿದವುಗಳಲ್ಲಿ 100 ಉಳಿದ ಕಡೆ ಹೊರಳದವುಗಳಲ್ಲಿ ಉಳಿದದ್ದು 60. ಎರಡು ಕೋಶಗಳ ಕಿವಿಯೊಂದು ತನ್ನ ಒಡೆಯನಿಗೆ ಗಳಿಸಿಕೊಟ್ಟ ಆಯುಸ್ಸಿನ ಲೆಕ್ಕ ಅದು.

ರೋಡರ್ ಅವರ ಪ್ರಯೋಗಾಲಯಕ್ಕೆ ಎಳೆಯರೂ ಬಂದು ಸೇರಿಕೊಂಡರು. ಡೊರೊಥಿ ಡನಿಂಗ್ ಎಂಬ ವಿದ್ಯಾರ್ಥಿನಿ ಟೈಗರ್ ಮಾತ್ ಎಂಬ ಬಣ್ಣಬಣ್ಣದ ಪತಂಗಗಳ ಹಿಂದೆ ಬಿದ್ದರು. ಇವು ಬಾವಲಿಯ ಕೂಗು ಕೇಳಿ ಓಡುವುದರ ಜೊತೆಗೆ ಎದೆಯಿಂದ ಟಿಕ್ಕಟಿಕ್ಕ ಎಂದು ತಾವೂ ಶ್ರವಣಾತೀತ ಸದ್ದು ಮಾಡುತ್ತಿದ್ದವು. ಗಾಳಿಗೆ ಎಸೆದ ಹುಳುವನ್ನು ಹಾರಿ ಹಿಡಿಯುವುದಕ್ಕೆ ಬಾವಲಿಗಳನ್ನು ಪಳಗಿಸಿ, ಹುಳು ಎಸೆದಾಗಲೇ ಈ ಟಿಕ್ಕಟಿಕ್ಕನ್ನೂ ಕೇಳಿಸಿದರು. ಎರಗಲು ಬಂದ ಬಾವಲಿಗಳು ಹೆಚ್ಚಿನ ಸಲ ಕೊನೆಗಳಿಗೆಯಲ್ಲಿ ಮುಖ ತಿರುಗಿಸಿದವು. 1965ರಲ್ಲಿ ಇದು ಪ್ರಕಟವಾಯಿತು. ರೋಜರ್ ಪೇನ್ ಎಂಬ ತರುಣ, ಪತಂಗದ ಕಿವಿ ಯಾವ ದಿಕ್ಕಿನ ಸದ್ದನ್ನು ಎಷ್ಟು ಕೇಳುತ್ತದೆ ಎಂದು ಅಳೆಯುತ್ತ ಕೂತಿದ್ದರು. ರೆಕ್ಕೆ ಮೇಲಿದ್ದಾಗ ಒಂದು ಥರ, ಕೆಳಗಿದ್ದಾಗ ಇನ್ನೊಂದು ಥರ ಕೇಳುತ್ತದೆ ಎಂದು ಗೊತ್ತಾಯಿತು. ಆಮೇಲೆ ಅವರು ಸಮುದ್ರಕ್ಕೆ ಹೊರಳಿ, ತಿಮಿಂಗಿಲಗಳ ಹಾಡನ್ನು ಲೋಕಕ್ಕೆಲ್ಲ ಕೇಳಿಸಿದರು.

ಇಷ್ಟರಲ್ಲಿ ಟ್ರೀಟ್ ಅವರ ಸೂಕ್ಷ್ಮದರ್ಶಕದ ಕೆಳಗೆ, ಯಾರೂ ಹುಡುಕದೇ ಇದ್ದ ಸಂಗತಿಯೊಂದು ತಾನಾಗಿ ಬಂದು ಬಿದ್ದಿತ್ತು. 1950ರ ದಶಕದ ಮೊದಲ ವರ್ಷಗಳ ಮಾತು. ಟೈರಿಂಗಮ್ಮಿನಲ್ಲಿ ಹಿಡಿದ ಪತಂಗಗಳ ಕಿವಿ ನೋಡುತ್ತಿದ್ದಾಗ ಒಂದರ ಕಿವಿಯೊಳಗೆ ಏನೋ ಹರಿದಾಡಿತು. ನುಸಿ. ತೆಂಗಿನ ತೋಟದವರಿಗೆ ಚೆನ್ನಾಗಿ ಗೊತ್ತಿರುವ ನುಸಿಯ ದೂರದ ಬಳಗ. ತಾಯಿನುಸಿಗಳು, ಮೊಟ್ಟೆಗಳು, ಮರಿಗಳು ಸೇರಿ ಆ ಕುಳಿಯೊಳಗೆ ಒಂದು ಸಂಸಾರವೇ ನಡೆದಿತ್ತು. ಪೊರೆ ಹರಿದು ಕಿವಿ ಕೆಟ್ಟುಹೋಗಿತ್ತು. ಟ್ರೀಟ್ ಪತಂಗವನ್ನು ತಿರುಗಿಸಿ ಇನ್ನೊಂದು ಕಿವಿ ನೋಡಿದರು. ಶುಚಿಯಾಗಿತ್ತು. ಇನ್ನೊಂದು ಪತಂಗ ತೆಗೆದರು. ಅದರಲ್ಲೂ ಒಂದೇ ಕಿವಿ. ಮತ್ತೊಂದು, ಮಗದೊಂದು. ನುಸಿಗಳು ಎಷ್ಟೇ ಇರಲಿ, ಇಕ್ಕಟ್ಟಾಗಿ ಒಂದರ ಮೇಲೊಂದು ಕೂತಿರಲಿ, ಪಕ್ಕದಲ್ಲೇ ಖಾಲಿ ಬಿದ್ದಿದ್ದ ಕಿವಿಗೆ ಹೋಗಿರಲಿಲ್ಲ.

ಟ್ರೀಟ್ ಜೀವಂತ ಪತಂಗಗಳ ಮೇಲೆ ನುಸಿ ಬಿಟ್ಟು ಗಂಟೆಗಟ್ಟಲೆ ಕಣ್ಣು ನೆಟ್ಟರು. ಮೊದಲು ಹತ್ತಿದ ನುಸಿ ಪತಂಗದ ಮೈಮೇಲೆ ಓಡಾಡಿ ಎರಡೂ ಕಿವಿಗಳ ಬಾಗಿಲಿಗೆ ಹೋಗಿ ಬಂದು, ಕೊನೆಗೆ ಒಂದನ್ನು ಆರಿಸಿ ಒಳಹೊಕ್ಕಿತು. ಹಿಂದೆ ಬಂದವೆಲ್ಲ ಅದರ ಜಾಡು ಹಿಡಿದು ಅದೇ ಕಿವಿಗೆ ಹೋದವು. ಈ ಶಿಸ್ತು ಯಾತಕ್ಕೆ ಎಂಬುದು, ಗೆಳೆಯನ ಹಿತ್ತಿಲ ಗೆರೆಗಳು ಅರ್ಥವಾದ ಮೇಲೆ ತಾನೇ ಬಿಡಿಸಿಕೊಂಡಿತು.

ರೋಡರ್ ಕೊಟ್ಟ ವಿವರಣೆ ಪುಟ್ಟದು. ಬಾವಲಿ ದೂರವಿದ್ದಾಗ ಕೂಗು ಕ್ಷೀಣ, ಎ1 ಮಾತ್ರ ಮಿಡಿಯುತ್ತದೆ. ಸದ್ದಿನ ಕಡೆಯ ಕಿವಿಯಲ್ಲಿ ಆ ಮಿಡಿತ ಮೊದಲು, ಹೆಚ್ಚು. ಆಚೆ ಕಿವಿಯಲ್ಲಿ ತಡ, ಕಡಿಮೆ. ಎಡಬಲದ ಆ ವ್ಯತ್ಯಾಸದಿಂದ ಪತಂಗಕ್ಕೆ ದಿಕ್ಕು ಸಿಗುತ್ತದೆ, ರೆಕ್ಕೆಯ ಏರಿಳಿತದ ಜೊತೆ ಸದ್ದು ಬದಲಾಗುವುದರಿಂದ ಮೇಲು ಕೆಳಗು ಸಿಗುತ್ತದೆ, ಅದು ಬೆನ್ನು ಹಾಕಿ ಹೊರಡುತ್ತದೆ. ಬಾವಲಿ ತೀರ ಹತ್ತಿರ ಬಂದಾಗ ಕೂಗು ಎಷ್ಟು ಜೋರೆಂದರೆ ಎರಡೂ ಕಿವಿಯ ಎ1 ತಮ್ಮ ಮಿತಿ ಮುಟ್ಟುತ್ತವೆ, ಎಡಬಲದ ಭೇದ ಅಳಿಸಿಹೋಗುತ್ತದೆ, ಎ2 ಕೂಡ ಎಚ್ಚರಗೊಳ್ಳುತ್ತದೆ. ಆಗ ದಿಕ್ಕು ನೋಡುವ ಹೊತ್ತು ಮೀರಿರುತ್ತದೆ. ಪತಂಗ ಹೇಗೆ ಬೀಳುತ್ತದೆ ಎಂದು ಪತಂಗಕ್ಕೇ ಗೊತ್ತಿಲ್ಲದಂತೆ ಬಿದ್ದರೆ, ಬಾವಲಿಗೂ ಗೊತ್ತಾಗದು.

ನುಸಿ ಹೊಕ್ಕ ಪತಂಗಕ್ಕೆ ಒಂದು ಕಿವಿ ಹೋದರೂ ಇನ್ನೊಂದರಲ್ಲಿ ಆ ಕೂಗು ಕೇಳುತ್ತಿತ್ತು. ಎರಡೂ ಹೋಗಿದ್ದರೆ ಬಾವಲಿಯ ಬಾಯಿಗೆ ಪತಂಗದ ಜೊತೆ ಕಿವಿಯೊಳಗಿನ ಸಂಸಾರವೂ ಬೀಳುತ್ತಿತ್ತು. ಟ್ರೀಟ್ ಮುಂದೆಯೂ ಎಷ್ಟೋ ವರ್ಷ ಪತಂಗಗಳ ಕಿವಿ ಬಿಡಿಸಿ ನೋಡುತ್ತಲೇ ಇದ್ದರು. ಒಂದು ತುಂಬಿ ತುಳುಕುತ್ತಿರುತ್ತಿತ್ತು. ಇನ್ನೊಂದರ ಪೊರೆ, ಯಾರ ಕಾಲೂ ತಾಗದೆ, ದೀಪದ ಬೆಳಕಿಗೆ ಸೋಪಿನ ಗುಳ್ಳೆಯಂತೆ ಹೊಳೆಯುತ್ತಿತ್ತು.